ಅಕ್ಕಿ ಚೀಲದ ಕೆಳಗೆ ಹನ್ನೊಂದು ಮಂದಿ

ಬಾಟಲಿಯ ಮುಚ್ಚಳ ತಿರುವಿದ ಕೂಡಲೇ ಆ ವಾಸನೆ ಬಂತು. ಉಗುರುಬಣ್ಣ ಅಳಿಸುವ ದ್ರವಕ್ಕೆ ಕಳಿತ ಬಾಳೆಹಣ್ಣು ಕಿವುಚಿ ಹಾಕಿದಂಥದ್ದು. ಸಿಹಿ ಎನ್ನಬೇಕೋ ಘಾಟು ಎನ್ನಬೇಕೋ ತಿಳಿಯದ, ಮೂಗಿಗಿಂತ ಮೊದಲು ಹಣೆಗೆ ಹೋಗಿ ತಟ್ಟುವ ವಾಸನೆ. ಶನಿವಾರ ಮಧ್ಯಾಹ್ನ ಬರ್ಲಿಂಗ್ಟನ್ನಿನ ನಮ್ಮ ಅಡುಗೆಮನೆಯಲ್ಲಿ, ಕಿಟಕಿ ತೆರೆದಿಟ್ಟುಕೊಂಡು, ಓದುವ ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದು ಕೂತಿದ್ದೆ. ಎದುರಿಗೆ ಹನ್ನೊಂದು ವರ್ಷದ ಮಗಳು ಸಿರಿಯ ಪ್ಲಾಸ್ಟಿಕ್ ಬೊಂಬೆಗಳು, ಒಂದೊಂದೂ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ರುಂಡ ಬೇರೆ, ಮುಂಡ ಬೇರೆ, ಕೈ ಬೇರೆ, ಕೈಯೊಳಗಿನ ಕತ್ತಿ ಬೇರೆ. ಎಲ್ಲವನ್ನೂ ನಾವೇ ಅಂಟಿಸಿ ನಿಲ್ಲಿಸಬೇಕಂತೆ. ಮನುಷ್ಯರನ್ನು ಹೀಗೆ ತುಂಡು ತುಂಡು ಮಾಡಿ ಡಬ್ಬಿಗೆ ತುಂಬಿ ಮಾರುವವರಿಗೆ ಏನನ್ನಬೇಕು? ಬೆಳಗಿನಿಂದ ಅವರನ್ನೇ ಬೈದುಕೊಳ್ಳುತ್ತಿದ್ದೆ. ಆದರೆ ಆ ವಾಸನೆ ಬಂದದ್ದೇ ತಡ, ನನ್ನ ಸಿಟ್ಟು ಮೂವತ್ತು ವರ್ಷ ಹಿಂದಕ್ಕೆ ಓಡಿ, ರೆಕ್ಸ್‌ಡೇಲಿನ ಒಂದು ಬೇಸ್‌ಮೆಂಟಿನ ಬಾಗಿಲಲ್ಲಿ ಹೋಗಿ ನಿಂತಿತು.

ಸರಿಯಾದ ಅಂಟಿನ ತನಕ ಬರುವುದಕ್ಕೇ ನನಗೆ ಎರಡು ವಾರ ಹಿಡಿದಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಮನೆಯಲ್ಲಿದ್ದ ಮಕ್ಕಳ ಬಿಳಿ ಅಂಟು ಹಚ್ಚಿದರೆ ಬೊಂಬೆಯ ಕೈ ಅರ್ಧ ಗಂಟೆ ನಿಂತಂತೆ ಮಾಡಿ ಆಮೇಲೆ ಮೆತ್ತಗೆ ಜಾರಿ ಟೇಬಲ್ಲಿಗೆ ಬಿತ್ತು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ತಂದೆ. ಅದು ಬೊಂಬೆಗಿಂತ ಮೊದಲು ನನ್ನ ಎರಡು ಬೆರಳುಗಳನ್ನು ಹಿಡಿಯಿತು. ಅವನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿಕೊಂಡು ಬರುವಷ್ಟರಲ್ಲಿ ಬೊಂಬೆಯ ಮುಖದ ಮೇಲೆಲ್ಲ ಬೂದಿ ಬಳಿದಂಥ ಬಿಳಿ ಪೊರೆ ಕಟ್ಟಿತ್ತು. ಕತ್ತಿ ಹಿಡಿದ ಕೈಯಂತೂ ಬೆನ್ನ ಹಿಂದೆ ಹೋಗಿ ಕೂತಿತ್ತು. ಸಿರಿ ನೋಡಿ, "ಅಮ್ಮಾ, ಹೀ ಲುಕ್ಸ್ ಲೈಕ್ ಹೀಸ್ ಸ್ಕ್ರಾಚಿಂಗ್ ಹಿಸ್ ಬ್ಯಾಕ್" ಅಂದಳು. ನನಗೆ ನಗು ಬರಲಿಲ್ಲ. ಬೊಂಬೆಗಳ ಅಂಗಡಿಗೆ ಹೋದರೆ ಅಲ್ಲಿ ಒಂದು ಗೋಡೆ ತುಂಬ ಅಂಟು. ಅಂಗಡಿಯವನು ಗಡ್ಡ ನೀವಿಕೊಳ್ಳುತ್ತ, "ಡಿಪೆಂಡ್ಸ್. ವಾಟ್ ಆರ್ ದೇ ಮೇಡ್ ಆಫ್?" ಎಂದು ಕೇಳಿದ. ಬೊಂಬೆ ಯಾವುದರಿಂದ ಮಾಡಿದ್ದೆಂದು ಕೊಂಡವಳಿಗೆ ಹೇಗೆ ಗೊತ್ತಿರಬೇಕು? ಪ್ಲಾಸ್ಟಿಕ್ಕು ಅಂದೆ. ಅವನು ಪಾಠವನ್ನೇ ಶುರುಮಾಡಿದ. ಗಟ್ಟಿ ಪ್ಲಾಸ್ಟಿಕ್ಕಿಗೆ ಈ ನೀರಿನಂಥ ಅಂಟು, ಎರಕ ಹೊಯ್ದ ರೆಸಿನ್ನಿಗೆ ಸೂಪರ್ ಗ್ಲೂ, ಬಗ್ಗುವ ಮೆತ್ತನೆಯ ಪ್ಲಾಸ್ಟಿಕ್ಕಿಗೆ ಯಾವುದೂ ಹಿಡಿಯದು. ಮನೆಗೆ ಬಂದು ನೋಡಿದರೆ ಸಿರಿಯ ಡಬ್ಬಿಯಲ್ಲಿ ಮುಂಡಗಳೆಲ್ಲ ಪ್ಲಾಸ್ಟಿಕ್ಕು, ಎರಡು ರುಂಡ ಮಾತ್ರ ರೆಸಿನ್ನು. ಅಂದರೆ ಒಂದೇ ಕುತ್ತಿಗೆಗೆ ಎರಡು ನ್ಯಾಯ. ತಲೆ ಚಿಟ್ಟು ಹಿಡಿಯಿತು.

ಆದರೆ ಅಂಗಡಿಯವನು ಕೊನೆಗೆ ಒಂದು ಮಾತು ಹೇಳಿದ್ದ. ಈ ನೀರಿನಂಥದ್ದು ನಿಜಕ್ಕೂ ಅಂಟೇ ಅಲ್ಲವಂತೆ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಎರಡು ತುಂಡುಗಳ ಅಂಚು ಮೆತ್ತಗಾಗಿ ಒಂದರೊಳಗೊಂದು ಬೆರೆತು, ದ್ರವ ಆರಿದ ಮೇಲೆ ಒಂದೇ ತುಂಡಾಗುತ್ತದೆ. ಹನಿಯಷ್ಟೇ ಹಾಕಬೇಕು, ಹಗುರಾಗಿ ಹಿಡಿಯಬೇಕು, ಒತ್ತಲೇಬಾರದು. ಮರೆತಂತಿದ್ದರೂ ಈ ಮಾತು ನನಗೆ ಹೊಸದಾಗಿರಲಿಲ್ಲ. ಆದರೆ ಇದನ್ನು ಯಾರಾದರೂ ಹೇಳಬೇಕಾಗಿದ್ದದ್ದು ನನಗಲ್ಲ, ನಮ್ಮ ಅಜ್ಜನಿಗೆ. ಬೊಂಬೆ ಅಂಗಡಿಯ ಗೋಡೆಯ ಮುಂದೆ ನಿಂತು ನಾನು ಸುಮ್ಮನೆ ಯಾರ ಮೇಲೋ ಹಲ್ಲು ಕಡಿಯುತ್ತಿದ್ದೆ.

ಅಜ್ಜ ಅಂದರೆ ಅಪ್ಪನ ಅಪ್ಪ. ಹುಬ್ಬಳ್ಳಿಯಲ್ಲಿ ಪುಸ್ತಕ ಬೈಂಡು ಮಾಡುವವನಾಗಿದ್ದ. ಶಾಲೆಗಳ ಲೈಬ್ರರಿಯ ಹರಿದ ಪುಸ್ತಕಗಳು, ಮಠದ ಪುರಾಣಗಳು, ಮಂದಿಯ ಮನೆಯ ಪಂಚಾಂಗಗಳು ಎಲ್ಲಾ ಅವನ ಕೈಯಲ್ಲಿ ಹೊಸ ರಟ್ಟು ತೊಟ್ಟುಕೊಂಡು ಹೋಗುತ್ತಿದ್ದವು. ಅಜ್ಜಿ ತೀರಿಕೊಂಡು, ಅಂಗಡಿಯ ಕೆಲಸವೂ ಕಡಿಮೆಯಾದ ಮೇಲೆ ಅಪ್ಪ ಅವನನ್ನು ಸಮುದ್ರದಾಚೆ ನಾವಿದ್ದ ರೆಕ್ಸ್‌ಡೇಲಿಗೆ ಕರೆಸಿಕೊಂಡ. ಸಾಲುಮನೆಗಳಲ್ಲಿ ನಮ್ಮದು ನಡುವಿನದು. ಮೇಲೆ ಎರಡು ಕೋಣೆ, ಕೆಳಗೆ ನೆಲದಡಿ ಅಜ್ಜನ ಬೇಸ್‌ಮೆಂಟು. ಅಪ್ಪ ವುಡ್‌ಬ್ರಿಡ್ಜಿನ ಬಾಗಿಲು ಮಾಡುವ ಫ್ಯಾಕ್ಟರಿಗೆ, ಅವ್ವ ಬ್ರೆಡ್ಡು ಪ್ಯಾಕ್ ಮಾಡುವ ಕೆಲಸಕ್ಕೆ, ನಾನು ಶಾಲೆಗೆ. ಹಗಲೆಲ್ಲ ಆ ಮನೆ ಅಜ್ಜನ ಪಾಲಿಗೆ. ಅವನು ಊರಿನಿಂದ ತಂದದ್ದು ಒಂದು ಸಣ್ಣ ಟ್ರಂಕು. ಅದರಲ್ಲಿ ದಬ್ಬಣ, ಬಿಳಿ ದಾರದ ಉಂಡೆ, ಕಾಗದದ ಮಡಿಕೆ ತೀಡುವ ಎಲುಬಿನ ಪಟ್ಟಿ, ಕೂದಲುದುರಿದ ಎರಡು ಬ್ರಶ್ಶು ಮತ್ತು ಕಾಗದದಲ್ಲಿ ಸುತ್ತಿದ ನೀಲಿ ಮೈಲುತುತ್ತದ ಪೊಟ್ಟಣ. ಮೈದಾ ಕುದಿಸಿ ಅಂಟು ಮಾಡುವಾಗ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುವುದು ಬೈಂಡಿಂಗಿನವರ ಪದ್ಧತಿ. "ಆ ವಿಷಾ ನನ್ನ ಅಡಗಿ ಭಾಂಡೆಕ್ಕ ತಾಗಿಸಬ್ಯಾಡ್ರಿ ಮಾವಾರ" ಎಂದು ಅವ್ವ ಅವನಿಗೆ ಬೇರೆಯೇ ಒಂದು ಪಾತ್ರೆ ಕೊಟ್ಟಿದ್ದಳು. ಆ ಪಾತ್ರೆಯ ಅಂಚಿನಲ್ಲಿ ಯಾವಾಗಲೂ ತಿಳಿನೀಲಿ ಪೊರೆ. ಬೇಸ್‌ಮೆಂಟಿಗೆ ಇಳಿದರೆ ಬೆಂದ ಹಿಟ್ಟಿನ ಸಪ್ಪೆ ವಾಸನೆ, ಹೀಟರಿನ ಧೂಳು ಸುಟ್ಟ ವಾಸನೆ, ಅಜ್ಜನ ಉಣ್ಣೆಯ ಟೋಪಿಯ ಎಣ್ಣೆ ವಾಸನೆ, ಮೂರೂ ಕೂಡಿ ಬರುತ್ತಿದ್ದವು.

ಅಲ್ಲಿ ಬೈಂಡು ಮಾಡಲು ಏನಿತ್ತು? ಅವನು ಹುಡುಕಿಕೊಂಡ. ಅಂಗಡಿಗಳ ಜಾಹೀರಾತಿನ ಹಾಳೆಗಳ ಬಿಳಿ ಬೆನ್ನುಗಳನ್ನೆಲ್ಲ ಒಳಮುಖ ಮಾಡಿ ಹೊಲಿದು ನನಗೆ ರಫ್ ನೋಟುಬುಕ್ಕು, ಕಾರ್ನ್‌ಫ್ಲೇಕ್ಸ್ ಡಬ್ಬಿಗಳ ರಟ್ಟಿನಿಂದ ಅದಕ್ಕೆ ಹೊದಿಕೆ. ಅವನ ಪಕ್ಕ ಕೂತು ನಾನೂ ಮಡಿಚುವುದು ಕಲಿತೆ. ಅಂಚಿಗೆ ಅಂಚು ಕೂಡಿಸುವುದು, ಉಗುರಿನಿಂದಲ್ಲ ಪಟ್ಟಿಯಿಂದ ತೀಡುವುದು, ಅಂಟನ್ನು ನಡುವಿನಿಂದ ಅಂಚಿಗೆ ಎಳೆಯುವುದು. ಅಂಟಿಸಿದ ಪ್ರತಿಯೊಂದನ್ನೂ ಅಜ್ಜ ಹಲಗೆಯ ಕೆಳಗಿಟ್ಟು ಮೇಲೆ ಭಾರ ಹೇರುತ್ತಿದ್ದ. ಊರಿನ ಕಬ್ಬಿಣದ ಪ್ರೆಸ್ಸು ಇಲ್ಲಿರಲಿಲ್ಲವಾದ್ದರಿಂದ ಬಾಸ್ಮತಿ ಅಕ್ಕಿಯ ಚೀಲವೇ ಪ್ರೆಸ್ಸು. ಬೇಳೆ ಸಾರಿಗೆ ಅಕ್ಕಿ ಬೇಕೆಂದು ಅವ್ವ ಕೆಳಗಿಳಿದರೆ, ಚೀಲ ಎತ್ತಬಾರದು, ಮೇಲಿಂದಲೇ ಬಗ್ಗಿ ತೋಡಿಕೊಳ್ಳಬೇಕು. "ಅಂಟು ಅಂದ್ರ ಗಡಿಬಿಡಿ ಅಲ್ಲ ತಂಗೀ" ಅನ್ನುತ್ತಿದ್ದ ಅಜ್ಜ; ಮೊಮ್ಮಗಳು ಅವನ ಬಾಯಲ್ಲಿ ಯಾವಾಗಲೂ ತಂಗಿಯೇ. "ಹಚ್ಚಬೇಕು, ಭಾರ ಇಡಬೇಕು, ಮರತಬಿಡಬೇಕು." ನಾನು "ಐ ನೋ, ಅಜ್ಜಾ" ಅನ್ನುತ್ತಿದ್ದೆ. ಅವನು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಹಾಗೇ ನಡೆದಿತ್ತು ನಮ್ಮ ಸಂಸಾರ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಹೀಗೇ ನಡೆದಿರಬೇಕು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ನಮ್ಮ ತರಗತಿಯವರು ಸರೋವರದ ದಂಡೆಯ ಹಳೆಯ ಕೋಟೆಯೊಂದರ ಮಾದರಿ ಮಾಡಬೇಕಾಯಿತು. ತಂದೆ ತಾಯಿಗಳು ಶಾಲೆ ನೋಡಲು ಬರುವ ದಿನ ಅದನ್ನು ಸಭಾಂಗಣದಲ್ಲಿ ಇಡುವುದು. ಅದುವರೆಗೆ ಇಂಥ ಕೆಲಸಗಳಲ್ಲಿ ನನಗೆ ಸಿಗುತ್ತಿದ್ದದ್ದು ಆಕಾಶಕ್ಕೆ ನೀಲಿ ಬಳಿಯುವುದು. ಈ ಸಲ ಮೇಷ್ಟ್ರು ನನ್ನ ನೋಟುಬುಕ್ಕಿನ ಹೊಲಿಗೆಯನ್ನು ತಿರುವಿ ತಿರುವಿ ನೋಡಿ, ಇಷ್ಟು ಚೊಕ್ಕ ಕೈಯಿರುವವಳೇ ಬೊಂಬೆಗಳನ್ನು ಜೋಡಿಸಲಿ ಎಂದರು. ಕೋಟೆಯ ಹನ್ನೆರಡು ಮಂದಿ. ಬಂದೂಕು ಹಿಡಿದವರು, ನಗಾರಿ ಬಾರಿಸುವವ, ಹೆಗಲ ಮೇಲೆ ದಿಮ್ಮಿ ಹೊತ್ತ ಇಬ್ಬರು. ಎಲ್ಲರೂ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳು. ಆ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಬಂದೆ. ಕ್ಲಾಸಿನಲ್ಲಿ ಮೊದಲ ಬಾರಿಗೆ ನನ್ನ ಕೈಗೆ ಒಂದು ಹೆಸರು ಬಂದಿತ್ತು, ಅದನ್ನು ನಾನು ಬಿಟ್ಟುಕೊಡುವವಳಲ್ಲ.

ಮೊದಲ ಸಂಜೆ ಅಜ್ಜನ ಮೈದಾ ಅಂಟಿನಿಂದಲೇ ಶುರುಮಾಡಿದೆವು. ಆರಿದ ಮೇಲೆ ಅದು ಹಪ್ಪಳದ ಹಾಗೆ ಎದ್ದುಬಂತು. ಅಜ್ಜ ತುಂಡನ್ನು ಬೆಳಕಿಗೆ ಹಿಡಿದು ಬೆರಳಾಡಿಸಿ, "ಕಾಗದ ಅಂಟು ಕುಡೀತೈತಿ. ಇದು ಬಾಯೇ ತಗೀವಲ್ದು" ಅಂದ. ಅವನ ದನಿಯಲ್ಲಿ ಅವಮಾನವಿತ್ತು. ನಲವತ್ತು ವರ್ಷ ಅಂಟು ಕುದಿಸಿದವನಿಗೆ ಒಂದು ಬೂದು ಪ್ಲಾಸ್ಟಿಕ್ ಕೈ ಸೊಪ್ಪು ಹಾಕಲಿಲ್ಲ. ಮರುದಿನ ಅಪ್ಪ ಫ್ಯಾಕ್ಟರಿಯ ಕಟ್ಟಿಗೆಯ ಅಂಟು ತಂದ, ಅದೂ ಆಗಲಿಲ್ಲ. ಅಜ್ಜ ಬಿಡಲೊಲ್ಲ. ಪ್ಲಾಸ್ಟಿಕ್ಕನ್ನು ಅರದಿಂದ ಉಜ್ಜಿ ಒರಟು ಮಾಡಿದ, ಅಂಟಿಗೆ ಬೆಲ್ಲ ಸೇರಿಸಿದ, ಬಿಸಿ ಮಾಡಿ ಹಚ್ಚಿದ. ನಾನು ಕಾಲು ಅಪ್ಪಳಿಸುತ್ತಿದ್ದೆ. ಮೂಗಿನ ತುದಿಯ ಕೋಪ ನನಗೆ ಆಗಿನಿಂದಲೂ ಇದೆ. ಕಡೆಗೆ ಮೇಷ್ಟ್ರೇ ಒಂದು ಸಣ್ಣ ಬಾಟಲಿ ಕೊಟ್ಟು ಕಳಿಸಿದರು. ಮುಚ್ಚಳಕ್ಕೇ ಕಟ್ಟಿದ ಕೂದಲೆಳೆಯಂಥ ಬ್ರಶ್ಶು, ಒಳಗೆ ನೀರಿನಂಥದ್ದು, ತೆರೆದರೆ ಈ ವಾಸನೆ. ಒಂದು ಹನಿ ತಾಗಿಸಿ ಎಣಿಸುತ್ತ ಹಿಡಿದೆ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ನಗಾರಿಯವನ ಕೈ ಅವನ ಹೆಗಲಿಗೆ ಹುಟ್ಟಿದಾಗಿನಿಂದ ಇದ್ದಂತೆ ಕೂತಿತು. ಅಜ್ಜ ಅವನನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದ. "ಭಾರ ಇಡೂದು ಬ್ಯಾಡೇನ?" ಎಂದು ಕೇಳಿದ. ನಾನು ಊಟಕ್ಕೆ ಏಳುವ ಅವಸರದಲ್ಲಿದ್ದೆ. ಬೇಡವೆಂದು ಹೇಳಿದೆನೋ, ಸುಮ್ಮನೆ ಭುಜ ಹಾರಿಸಿದೆನೋ, ಈಗ ಎಷ್ಟು ಹಿಂಡಿದರೂ ನೆನಪಾಗುವುದಿಲ್ಲ. ಹೇಳಿದ್ದರೆ ಅವನು ಕೇಳುತ್ತಿದ್ದ.

ಮಾರನೆಯ ದಿನ ನಾನು ಶಾಲೆಯಲ್ಲಿದ್ದಾಗ ಅಜ್ಜ ಉಳಿದ ಹನ್ನೊಂದು ಮಂದಿಯನ್ನೂ ಅಂಟಿಸಿದ್ದ. ನನ್ನ ಕೆಲಸ ಹಗುರಾಗಲಿ ಎಂದು. ಪ್ರೀತಿಯಿದ್ದಲ್ಲಿ ಅಂಟು ಧಾರಾಳ. ಬಾಟಲಿ ಅರ್ಧ ಖಾಲಿಯಾಗುವಷ್ಟು ಹಚ್ಚಿದ್ದ. ಆಮೇಲೆ ಜನ್ಮವಿಡೀ ಮಾಡಿದ್ದನ್ನೇ ಮಾಡಿದ್ದ. ಒಬ್ಬೊಬ್ಬರನ್ನೂ ಸುದ್ದಿಪತ್ರಿಕೆಯಲ್ಲಿ ಸುತ್ತಿ, ಸಾಲಾಗಿ ಮಲಗಿಸಿ, ಮೇಲೆ ಹಲಗೆ, ಹಲಗೆಯ ಮೇಲೆ ಅಕ್ಕಿ ಚೀಲ. ನಾನು ಬಂದಾಗ ಚೀಲದ ಪಕ್ಕ ಕಾಲು ಮಡಿಸಿ ಕೂತಿದ್ದ, ಮೀಸೆಯ ಅಡಿಯಲ್ಲಿ ನಗೆ ಅಡಗಿಸಿಕೊಂಡು. "ಸಂಜೀತನಕ ತಗೀಬ್ಯಾಡ ತಂಗೀ, ಗಟ್ಟಿ ಆಗಲಿ" ಅಂದ. ನಾನು ಕೇಳಲಿಲ್ಲ, ಚೀಲ ಎಳೆದು ಹಾಕಿದೆ. ಕರಗಿ ಮೆತ್ತಗಾಗಿದ್ದ ಪ್ಲಾಸ್ಟಿಕ್ಕು ಭಾರಕ್ಕೆ ಚಪಾತಿಯಾಗಿತ್ತು. ಮೂಗುಗಳಿರಲಿಲ್ಲ. ಬಂದೂಕುಗಳು ಎದೆಯೊಳಗೆ ಇಳಿದಿದ್ದವು. ಪತ್ರಿಕೆಯ ಕಾಗದ ಮೈಗೆ ಹತ್ತಿಕೊಂಡು, ಎಳೆದರೆ ಚರ್ಮದ ಹಾಗೆ ಹರಿದು ಬರುತ್ತಿತ್ತು. ದಿಮ್ಮಿ ಹೊತ್ತ ಇಬ್ಬರು ಒಬ್ಬರೊಳಗೊಬ್ಬರು ಸೇರಿಹೋಗಿದ್ದರು.

ಆಗ ನಾನು ಆಡಿದ ಮಾತನ್ನು ಈಗಲೂ ಬರೆಯುವುದು ಕಷ್ಟ. ಮನೆಯಲ್ಲಿ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವಳು ಅಂದು ಮಾತ್ರ, ಅವನಿಗೆ ಅರ್ಥವಾಗಲೇಬೇಕೆಂದು, ಕನ್ನಡ ಹುಡುಕಿಕೊಂಡೆ. "ನೀ ಮುಟ್ಟಿದ್ದೆಲ್ಲಾ ಹಾಳಾಗತೈತಿ. ನಂದು ಏನೂ ಮುಟ್ಟಬ್ಯಾಡ. ಎಂದೂ ಮುಟ್ಟಬ್ಯಾಡ." ಒಂದು ತಪ್ಪೂ ಇಲ್ಲದೆ, ತೊದಲದೆ, ಹುಬ್ಬಳ್ಳಿಯ ಮೊಮ್ಮಗಳಿಗೆ ತಕ್ಕ ಹಾಗೆ ಹೇಳಿದೆ. ಅಜ್ಜ ನೆಲದ ಮೇಲೆ ಬಗ್ಗಿದ. ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳಾಗಿ ಬೆರಳಲ್ಲಿ ಒತ್ತಿ ಎತ್ತತೊಡಗಿದ. ಸಂಜೆ ಅವ್ವನಿಗೆ ವಿಷಯ ತಿಳಿದು, "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹೋಗು, ತಪ್ಪಾತು ಅಂತ ಹೇಳಿ ಬಾ" ಎಂದು ನನ್ನ ಬೆನ್ನಿಗೆ ಕೈಹಾಕಿ ದೂಡಿದಳು. ನಾನು ಮೆಟ್ಟಿಲ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಹೇಳಿ ಬಂದೆನೆಂದು ಸುಳ್ಳು ಹೇಳಿದೆ.

ಇಷ್ಟಕ್ಕೂ ಆದದ್ದೇನು? ಮೇಷ್ಟ್ರು ಬೈಯಲಿಲ್ಲ. ನಗಾರಿಯವನನ್ನು ಕೋಟೆಯ ಬಾಗಿಲಲ್ಲಿ ಒಬ್ಬನನ್ನೇ ನಿಲ್ಲಿಸಿ, ಉಳಿದವರು ಊಟಕ್ಕೆ ಹೋಗಿದ್ದಾರೆ ಎಂದು ನಗಿಸಿದರು. ತಂದೆ ತಾಯಿಗಳು ಬಂದರು, ಜ್ಯೂಸು ಕುಡಿದರು, ಹೋದರು. ವಾರ ಕಳೆದು ಕೋಟೆಯನ್ನು ಕಸಕ್ಕೆ ಹಾಕಿದ್ದನ್ನು ನಾನೇ ಕಂಡೆ. ಇಷ್ಟರ ಸಲುವಾಗಿ! ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆ ಬಾಟಲಿಯ ಹಿಂಬದಿಯಲ್ಲಿ ಎರಡು ಸಾಲು ಸೂಚನೆ ಇತ್ತು, ಕರಗಿಸುತ್ತದೆ, ಒತ್ತಬೇಡಿ ಎಂದು. ಇಂಗ್ಲಿಷಿನಲ್ಲಿತ್ತು, ಫ್ರೆಂಚಿನಲ್ಲಿತ್ತು. ಮನೆಯಲ್ಲಿ ಅದನ್ನು ಸಲೀಸಾಗಿ ಓದಬಲ್ಲವಳು ನಾನೊಬ್ಬಳೇ, ನಾನೇ ಓದಿರಲಿಲ್ಲ. ಕೆಲವು ವಾರಗಳ ನಂತರ ಡ್ರಾಯರಿನಲ್ಲಿ ಬಾಟಲಿ ಸಿಕ್ಕಾಗ ಓದಿದೆ. ಆಗ ತಪ್ಪು ಯಾರದೆಂದು ಚೆನ್ನಾಗಿ ತಿಳಿಯಿತು. ತಿಳಿದ ಮೇಲೆ ಬಾಯಿ ಇನ್ನೂ ಬಿಗಿಯಿತು. ಸಿಟ್ಟಿದ್ದಾಗ ಮಾತು ಬರುತ್ತದೆ, ನಾಚಿಕೆಯಾದಾಗ ಬರುವುದಿಲ್ಲ.

ಅಷ್ಟರಲ್ಲಿ ಅಜ್ಜ ಬದಲಾಗಿಬಿಟ್ಟಿದ್ದ. ನನ್ನ ಮೇಲೆ ಮುನಿಸಿಕೊಂಡಿರಲಿಲ್ಲ, ಮುನಿದಿದ್ದರೆ ಚೆನ್ನಾಗಿತ್ತು. ಅವನು ನನ್ನ ಮಾತನ್ನು ಪಾಲಿಸುತ್ತಿದ್ದ. ಸೋಫಾದ ಮೇಲೆ ನನ್ನ ಪುಸ್ತಕವಿದ್ದರೆ ಕೂರಲು ಬೇರೆ ಜಾಗ ನೋಡುತ್ತಿದ್ದ. ನನ್ನ ಕೋಟಿನ ಜಿಪ್ಪು ಸಿಕ್ಕಿಕೊಂಡರೆ ಎದುರಿಗೆ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಾ ಮುಟ್ಟಲೇನ ತಂಗೀ?" ಅನ್ನುತ್ತಿದ್ದ. ಊಟದ ತಟ್ಟೆ ಎತ್ತುವಾಗ, ಬಿದ್ದ ಪೆನ್ಸಿಲು ಕೊಡುವಾಗ, ಬೆನ್ನು ಹರಿದ ನನ್ನ ಡಿಕ್ಷನರಿ ಕಂಡಾಗ, ಅದೇ ಮಾತು. ಚುಚ್ಚುವುದಕ್ಕಲ್ಲ. ಹುಬ್ಬಳ್ಳಿಯಲ್ಲಿ ಮಂದಿಯ ಪೂಜೆಯ ಪುಸ್ತಕ ಕೈಗೆ ತಗೊಳ್ಳುವಾಗ ಅವನು ಹೀಗೇ ಕೇಳಿ ತಗೊಳ್ಳುತ್ತಿದ್ದನೆಂದು ಅಪ್ಪ ಆಮೇಲೆ ಹೇಳಿದ. ನಾನು "ಹೂಂ" ಅನ್ನುತ್ತಿದ್ದೆ, ಮುಖ ನೋಡದೆ. ಪ್ರತಿ ಸಲವೂ ಈಗ ಹೇಳಿಬಿಡಬೇಕು, ಕೇಳಬೇಡ ಅಜ್ಜಾ, ನೀನು ಏನು ಬೇಕಾದರೂ ಮುಟ್ಟು ಎನ್ನಬೇಕು ಅಂದುಕೊಳ್ಳುತ್ತಿದ್ದೆ. ನಾಳೆ ಹೇಳಿದರಾಯಿತು. ಅಜ್ಜ ಎಲ್ಲಿ ಹೋಗುತ್ತಾನೆ, ಬೇಸ್‌ಮೆಂಟಿನಲ್ಲೇ ಇರುತ್ತಾನಲ್ಲ.

ಏಪ್ರಿಲಿನಲ್ಲಿ, ರಸ್ತೆಯಂಚಿನ ಹಿಮ ಕಪ್ಪಾಗಿ ಕರಗುತ್ತಿದ್ದಾಗ, ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಅವನ ಎದೆಬಡಿತ ನಿಂತಿತು. ಎರಡು ವರ್ಷಕ್ಕೆ ನಾವು ಆ ಮನೆ ಬಿಟ್ಟೆವು. ಈಗ ಅಲ್ಲಿ ಯಾರಿದ್ದಾರೋ. ಅಪ್ಪನೂ ಇಲ್ಲ. ಅವ್ವನಿಗೆ ಈಚೆಗೆ ಹಳೆಯದೆಲ್ಲ ಕಲಸಿಹೋಗಿ, ಅಜ್ಜ ಎಂದರೆ ತನ್ನ ಅಪ್ಪನೋ ಮಾವನೋ ಎಂದು ನನ್ನನ್ನೇ ಕೇಳುತ್ತಾಳೆ. ಯಾವ ಪ್ಲಾಸ್ಟಿಕ್ಕಿಗೆ ಯಾವ ಅಂಟು ಎಂಬುದು ಮಾತ್ರ ನನಗೆ ಈಗ ಪೂರಾ ಗೊತ್ತು. ಸಿರಿಯ ಬೊಂಬೆಗಳು ನೆಟ್ಟಗೆ ನಿಂತಿವೆ, ರೆಸಿನ್ನಿನ ರುಂಡಗಳೂ ಸೇರಿ. ಆ ವಿದ್ಯೆಯಿಂದ ನನಗೆ ಸಿಟ್ಟು ಬಂದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ.

ಅವನು ಹೋಗುವ ಮುಂಚಿನ ಫೆಬ್ರವರಿಯಲ್ಲಿ ನನಗೆ ಜೋರು ಜ್ವರ ಬಂದಿತ್ತು. ಅಪ್ಪ ಅವ್ವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ, ಪರದೆ ಎಳೆದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅಜ್ಜ ಎರಡು ಮಹಡಿ ಮೆಟ್ಟಿಲು ಹತ್ತಿ ಬಂದದ್ದು ಅವನ ಉಸಿರಿನಿಂದಲೇ ತಿಳಿಯಿತು. ಹಾಸಿಗೆಯ ಪಕ್ಕ ಬಂದು ನಿಂತ. ಅವನ ಕೈ ನನ್ನ ತಲೆಯ ಹತ್ತಿರ ಬಂದು ಅಲ್ಲೇ ತಡೆದದ್ದು, ತೆರೆದ ಬಾಗಿಲಿನ ಬೆಳಕಿಗೆ ಗೋಡೆಯ ಮೇಲೆ ನೆರಳಾಗಿ ಕಂಡಿತು. "ಜ್ವರಾ ಇಳದಾವೇನ್ ನೋಡಬೇಕಾಗಿತ್ತು" ಅಂದ ಮೆಲ್ಲಗೆ. "ಹಣಿ ಮುಟ್ಟಲೇನ ತಂಗೀ?"

ನನಗೆ ಎಚ್ಚರವಿತ್ತು. ಆ ಅಂಗೈ ನನ್ನ ಹಣೆಯ ಮೇಲೆ ಬೇಕಾಗಿತ್ತು, ಅದಕ್ಕಿಂತ ಹೆಚ್ಚಿನದೇನೂ ಆಗ ಬೇಕಾಗಿರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ಮಲಗಿದ್ದೆ. ಅಜ್ಜ ಸ್ವಲ್ಪ ಹೊತ್ತು ಕಾದ. ಉತ್ತರ ಬರಲಿಲ್ಲವಾದ್ದರಿಂದ ಮುಟ್ಟದೆ ಕೆಳಗಿಳಿದು ಹೋದ.